ಇಪ್ಪತ್ತಮೂರನೇ ತಾಕು: ತಲೆಬಾಗಿದ ಮೊಹರು

“ಮೊಹರು ನನ್ನದೇ. ಒತ್ತಿದ್ದು ನಾನಲ್ಲ.”

ಫುಮಿ ಈ ಮಾತನ್ನು ಮೂರನೇ ಸಲ ಹೇಳುತ್ತಿದ್ದರು. ಮೊದಲ ಸಲ ಅದರಲ್ಲಿ ಸಿಟ್ಟಿತ್ತು, ಎರಡನೇ ಸಲ ಅಳುವಿತ್ತು. ಈಗ ಅಂಗಡಿಯಲ್ಲಿ ತಪ್ಪು ಸಾಮಾನು ಕೊಟ್ಟಾಗ ಹೇಳುವಷ್ಟೇ ಮೆಲ್ಲಗೆ ಹೇಳಿದರು.

ಕಾಮಿಸೆ ನಾಗರಿಕ ತೋಟದ ಸಲಕರಣೆ ಕೊಠಡಿಯಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಗುದ್ದಲಿ, ನೀರಿನ ಡಬ್ಬಿಗಳ ನಡುವಿನ ಮರದ ಮೇಜಿನ ಮೇಲೆ ಒಂದು ಹಾಳೆ ಇತ್ತು. ‘ತಾಕು ಹಿಂತಿರುಗಿಸುವ ಪತ್ರ. ಸಂಖ್ಯೆ ಇಪ್ಪತ್ತಮೂರು. ಬಾಡಿಗೆದಾರರು: ಕೊಮಾಕಿ ಫುಮಿ. ಕಾರಣ: ಅನಾರೋಗ್ಯ.’ ಎಲ್ಲವೂ ಕಂಪ್ಯೂಟರಿನ ಅಕ್ಷರ. ಕೊನೆಯಲ್ಲಿ, ಸಹಿಯ ಜಾಗದಲ್ಲಿ, ‘ಕೊಮಾಕಿ’ ಎಂಬ ದುಂಡನೆಯ ಕೆಂಪು ಮೊಹರು.

ಸೊಂಟದ ಮೂಳೆ ಮುರಿದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ ಫುಮಿ ಮನೆಗೆ ಬಂದದ್ದು ಗುರುವಾರ. ಹನ್ನೊಂದು ವರ್ಷ ತಾನೇ ಅಗೆದ ತಾಕು ಕೈಬಿಟ್ಟುಹೋಗಿದೆ ಎಂದು ತಿಳಿದದ್ದು ಶುಕ್ರವಾರ.

“ಪತ್ರ ನನ್ನ ಮನೆ ಟಪಾಲು ಡಬ್ಬೀಲಿ ಬಿದ್ದಿತ್ತು, ಮಾರ್ಚ್ ಎರಡಕ್ಕೆ,” ಎಂದರು ತೋಟದ ಕಾರ್ಯದರ್ಶಿ ನಿರಾಸಾವಾ. ಗಾರೆ ಕೆಲಸದಲ್ಲಿ ಬದುಕು ಸವೆಸಿದ ಮನುಷ್ಯ. ಅಳತೆಪಟ್ಟಿ ಈಗಲೂ ಸೊಂಟದಲ್ಲೇ ಇರುತ್ತದೆ. “ಹೆಸರಿತ್ತು, ಮೊಹರಿತ್ತು. ನಾನು ಇನ್ನೇನು ನೋಡ್ಬೇಕಿತ್ತು?”

“ನನ್ನ ಮುಖ ನೋಡ್ಬಹುದಿತ್ತು. ಆಸ್ಪತ್ರೆಗೆ ಬಂದು.”

“ಬಂದಿದ್ದೆನಲ್ಲ! ಕಿತ್ತಳೆ ಹಣ್ಣು ತಂದಿರ್ಲಿಲ್ವಾ?”

“ತಂದಿದ್ರಿ. ಸಿಹಿಯಾಗೇ ಇತ್ತು. ತಾಕಿನ ವಿಷಯ ಆಗ ಯಾಕೆ ಎತ್ತಲಿಲ್ಲ?”

ನಿರಾಸಾವಾ ಅಳತೆಪಟ್ಟಿಯನ್ನು ಒಂದು ಗೇಣು ಎಳೆದು, ಬಿಟ್ಟು, ಮತ್ತೆ ಎಳೆದರು. “ತೋಟ ಬಿಡ್ತಿರೋರ ಮುಂದೆ ತೋಟದ ಮಾತು ಎತ್ತೋದಾ? ನಿಮಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ. ಇಲ್ಲಿ ಎಲ್ರೂ ಹಾಗೇ ಸುಮ್ಮನಿದ್ರು.”

ಶಿಗೆನೊ ಇದನ್ನು ಕೇಳಿಸಿಕೊಂಡು ತಲೆಯಾಡಿಸಿದರು. ಅರವತ್ತೆಂಟು ವರ್ಷದ ಈ ಹೆಂಗಸು ಫುಮಿಯ ಪಕ್ಕದ ಬೀದಿಯವರು. ಪೊಲೀಸ್ ಠಾಣೆಯೊಂದರಲ್ಲಿ ಕಳೆದ ವಸ್ತುಗಳ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವರು. ಕಳ್ಳರಿಗಿಂತ ಹೆಚ್ಚಾಗಿ ಕಳೆದುಕೊಂಡವರನ್ನೇ ಕಂಡವರು. ಫುಮಿ ಕರೆದ ಕೂಡಲೇ ಮಂಡಿನೋವಿಗೆ ಪಟ್ಟಿ ಸುತ್ತಿಕೊಂಡು ಬಂದಿದ್ದರು.

ಸುಳ್ಳು ಪತ್ರ ಮೂರು ವಾರ ಸಿಕ್ಕಿಬೀಳದೆ ಉಳಿದದ್ದಕ್ಕೆ ಕಾರಣ ಅವರಿಗೆ ಈಗ ತಿಳಿಯಿತು. ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಎಲ್ಲರೂ ಸೌಜನ್ಯದಿಂದ ನಡೆದುಕೊಂಡಿದ್ದರು, ಅಷ್ಟೇ.

“ಕಾಯೋರಿಗೆ ತಾಕು ಹಂಚೋ ಲಾಟರಿ ಯಾವಾಗ?” ಎಂದು ಕೇಳಿದರು ಶಿಗೆನೊ.

“ನಾಳೆ ಹತ್ತಕ್ಕೆ. ಎಂಟು ಗಂಟೆಗೆ ತಾಕು ಅಗೆದು ಸಮ ಮಾಡ್ತೀವಿ. ಬರೀ ಮಣ್ಣು ಮಾಡಿ ಒಪ್ಪಿಸ್ಬೇಕು. ಹನ್ನೊಂದನೇ ನಿಯಮ.”

ಫುಮಿ ಊರುಗೋಲಿನ ಮೇಲೆ ಎರಡೂ ಕೈ ಇಟ್ಟರು. “ಸಾಸಿವೆ ಸೊಪ್ಪಿನ ಹನ್ನೆರಡು ಗಿಡ ಬೀಜಕ್ಕೆ ಅಂತ ಬಿಟ್ಟಿದ್ದೀನಿ. ಮೊಗ್ಗು ಬಂದಿದೆ. ಜೂನಿಗೆ ಬೀಜ ಸಿಗುತ್ತೆ. ಹೋದ ವರ್ಷದ್ದು ಮಳೆಗೆ ಬೂಸ್ಟು ಹಿಡಿದು ಹೋಯ್ತು. ಇವೇ ಉಳಿದಿರೋದು. ನಮ್ಮ ತವರೂರಲ್ಲೂ ಈಗ ಯಾರೂ ಅದನ್ನ ಬೆಳೆಯೋದಿಲ್ಲ.”

“ಮತ್ತೆ ಹೆಸರು ಬರೆಸಿದ್ರೆ?” ಎಂದು ಶಿಗೆನೊ ನಿರಾಸಾವಾ ಕಡೆ ನೋಡಿದರು.

“ಕಾಯೋರ ಪಟ್ಟಿ ಐದು ವರ್ಷಕ್ಕಿದೆ.”

“ನಂಗೆ ಎಪ್ಪತ್ತೊಂಬತ್ತು,” ಎಂದರು ಫುಮಿ. “ಪಟ್ಟೀಲಿರೋರಿಗೆ ಯಾಕೆ ತೊಂದರೆ.”

ಯಾರೂ ನಗಲಿಲ್ಲ.

ನಿರಾಸಾವಾ ಗಂಟಲು ಸರಿಮಾಡಿಕೊಂಡರು. “ಪತ್ರ ಸುಳ್ಳು ಅಂತ ಲಾಟರಿಗೆ ಮುಂಚೆ ತೋರಿಸಿ. ನಾನೇ ಹರಿದು ಹಾಕ್ತೀನಿ. ಆದ್ರೆ ಒತ್ತಿದ್ದು ಯಾರು ಅಂತ ಹೇಳ್ಬೇಕು. ಹದಿನಾಲ್ಕನೇ ನಿಯಮ. ಸುಳ್ಳು ಪತ್ರ ಕೊಟ್ಟವರ ತಾಕು ಹೋಗುತ್ತೆ, ಹೆಸರನ್ನ ಸಭೇಲಿ ಓದಿ ಹೇಳ್ತೀವಿ.”

“ನಿಮ್ಮ ನಮೂನೆ ಚೆನ್ನಾಗಿದೆ,” ಎಂದರು ಶಿಗೆನೊ, ಹಾಳೆಯನ್ನು ಬೆಳಕಿಗೆ ಹಿಡಿದು.

ಗಾರೆಯವನ ಮುಖ ಅರಳಿತು. “ಮೊಮ್ಮಗಳ ಕಂಪ್ಯೂಟರಲ್ಲಿ ನಾನೇ ಮಾಡಿದ್ದು. ಮೊದ್ಲೆಲ್ಲ ಯಾವುದೋ ಬಿಳಿ ಹಾಳೇಲಿ ಗೀಚಿ ಕೊಡ್ತಿದ್ರು. ಫೆಬ್ರವರಿಯಿಂದ ಬಿಡೋದಕ್ಕೆ, ದೂರಿಗೆ, ರಜೆಗೆ, ಎಲ್ಲಕ್ಕೂ ಇದೇ. ನೋಡಿ, ಸಾಲಾಗಿ ಮೂರು ಚೌಕ. ಎಡಕ್ಕೆ ಅಧ್ಯಕ್ಷರು, ನಡುವೆ ನಾನು, ಬಲಕ್ಕೆ ಬಾಡಿಗೆದಾರರು. ಬಾಗಿಲ ಹೊರಗಿನ ತಟ್ಟೇಲಿ ಇಟ್ಟಿದ್ದೀನಿ, ಯಾರು ಬೇಕಾದ್ರೂ ತಗೋಬಹುದು.”

ಬಲಗಡೆಯ ಚೌಕದಲ್ಲಿ ಫುಮಿಯ ಮೊಹರಿತ್ತು. ಶಿಗೆನೊ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಫುಮಿ ಸಾನ್, ಈ ಖಾಲಿ ಹಾಳೆ ಮೇಲೆ ಒಂದು ಸಲ ಒತ್ತಿ ತೋರಿಸ್ತೀರಾ?”

ಫುಮಿ ಬಟ್ಟೆಯ ಚೀಲದಿಂದ ಮೊಹರನ್ನು ತೆಗೆದರು. ಊರಿನ ಸಾರ್ವಜನಿಕ ಸ್ನಾನಗೃಹವನ್ನು ನಲವತ್ತು ವರ್ಷ ನಡೆಸಿದ ಕೈ ಅದು. ಎರಡೂ ಹೆಬ್ಬೆರಳು ಸೇರಿಸಿ, ಉಸಿರು ಹಿಡಿದು, ಹಲಗೆಗೆ ಮೊಳೆ ಇಳಿಸುವ ಹಾಗೆ ನೇರವಾಗಿ ಅದುಮಿದರು. ‘ಕೊಮಾಕಿ’ ಕಂಬದಂತೆ ನೆಟ್ಟಗೆ ನಿಂತಿತು.

ಪತ್ರದ ಮೇಲಿನ ‘ಕೊಮಾಕಿ’ ನೆಟ್ಟಗಿರಲಿಲ್ಲ. ಎಡಕ್ಕೆ ಕೊಂಚ ವಾಲಿತ್ತು. ಅವಸರದಲ್ಲಿ ಒತ್ತಿದ ವಾಲು ಅದಲ್ಲ, ಅಂಚೆಲ್ಲ ಒಂದೇ ಸಮನಾಗಿ ಮೂಡಿತ್ತು. ಯಾರೋ ಬೇಕೆಂದೇ, ಬಲು ನಯವಾಗಿ, ವಾಲಿಸಿ ಒತ್ತಿದ್ದರು.

ಶಿಗೆನೊಗೆ ಒಂದು ಹಳೆಯ ಬೈಗುಳ ನೆನಪಾಯಿತು. ಅವರು ಫುಮಿ ಕಡೆ ತಿರುಗಿದರು.

“ಆಸ್ಪತ್ರೇಲಿದ್ದಾಗ ಮೊಹರು ಎಲ್ಲಿತ್ತು?”

“ಎಲ್ಲರ ಮನೇಲೂ ಇರೋ ಕಡೆ. ಬಾಗಿಲ ಹತ್ರ, ಚಪ್ಪಲಿ ಗೂಡಿನ ಮೇಲೆ. ಪಾರ್ಸೆಲ್ಲು ಬಂದ್ರೆ ಒತ್ತೋಕೆ.” ಶಿಗೆನೊ ತಲೆಯಾಡಿಸಿದರು, ಅವರ ಮೊಹರೂ ಅಂಥ ಗೂಡಿನ ಮೇಲೆಯೇ ಇರುತ್ತಿತ್ತು.

“ಬೀಗದ ಕೈ?”

“ಹೂಕುಂಡದ ಕೆಳಗೆ.” ಫುಮಿ ತಲೆ ತಗ್ಗಿಸಿದರು. “ಮೂವರಿಗೆ ಗೊತ್ತು, ಎಲ್ಲ ತೋಟದವರೇ. ನಿರಾಸಾವಾ ಸಾನ್ ಟಪಾಲು ಒಳಗಿಡ್ತಿದ್ರು. ಉಬುಕಾತಾ ಸಾನ್ ಸೋರ್ತಿದ್ದ ನಲ್ಲಿ ರಿಪೇರಿ ಮಾಡಿದ್ರು. ತೆಯಿಕೊ ನನ್ನ ಬಟ್ಟೆ ಒಯ್ದು ಒಗೆದು ತರ್ತಿದ್ಳು, ಪ್ರತಿ ಮಂಗಳವಾರ.”

ಶಿಗೆನೊ ಮೂರು ಹೆಸರುಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಬರೆದ ಮೇಲೆ ನೋಡಿದರೆ ಅದು ಶಂಕಿತರ ಪಟ್ಟಿಯಂತೆ ಕಾಣಲಿಲ್ಲ. ಒಬ್ಬಂಟಿ ಹೆಂಗಸಿಗೆ ಕಷ್ಟದಲ್ಲಿ ಆದವರ ಪಟ್ಟಿಯಂತೆ ಕಂಡಿತು. ಎರಡೂ ಒಂದೇ ಪಟ್ಟಿಯಾದದ್ದು ಅವರಿಗೆ ಬೇಸರ ತಂದಿತು.

ಫುಮಿಯನ್ನು ಮನೆಗೆ ಬಿಡಲು ನಿರಾಸಾವಾ ತಮ್ಮ ಪುಟ್ಟ ಟ್ರಕ್ಕನ್ನು ಬಾಗಿಲಿಗೇ ತಂದರು. ಸೀಟಿನ ಮೇಲೆ ಆಗಲೇ ಒಂದು ದಿಂಬು ಇತ್ತು.

*

ತೋಟದಲ್ಲಿ ಗಾಳಿ ಇನ್ನೂ ತಣ್ಣಗಿತ್ತು. ನಲವತ್ತಾರು ತಾಕುಗಳು, ನಡುವೆ ಒಂದೊಂದೇ ಹೆಜ್ಜೆ ಅಗಲದ ದಾರಿ. ಕೊಠಡಿಯ ಗೋಡೆಯ ಮೇಲೆ ಹದಿನಾರು ನಿಯಮಗಳು. ಮರ ನೆಡಬಾರದು, ಪಕ್ಕದವರಿಗೆ ನೆರಳಾಗುವುದನ್ನು ಬೆಳೆಸಬಾರದು, ಬೆಳೆದದ್ದನ್ನು ಮಾರಬಾರದು, ತಾಕನ್ನು ಇನ್ನೊಬ್ಬರಿಗೆ ದಾಟಿಸಬಾರದು.

ಗೋಡೆಯ ಮೇಲೆ ಬರೆಯದ ನಿಯಮಗಳೂ ಇದ್ದವು. ನೀರಿನ ಡಬ್ಬಿಯನ್ನು ಮುಂದಿನವರಿಗೆ ತುಂಬಿಸಿಯೇ ಇಡಬೇಕು. ಹೆಚ್ಚಾದ ತರಕಾರಿಯನ್ನು ಬಾಗಿಲ ಬುಟ್ಟಿಯಲ್ಲಿ ಹೆಸರು ಬರೆಯದೆ ಇಡಬೇಕು, ತೆಗೆದುಕೊಂಡವರಿಗೆ ಕೊಟ್ಟವರ ಹಂಗು ಇರಬಾರದು. ಪಕ್ಕದವರು ಕಾಯಿಲೆ ಬಿದ್ದರೆ ಅವರ ಸಾಲಿಗೂ ನೀರು ಹಾಕಬೇಕು.

ಇಪ್ಪತ್ತಮೂರರಲ್ಲಿ ಸಾಸಿವೆ ಗಿಡಗಳು ಬಿದಿರು ಕಡ್ಡಿಗೆ ಒರಗಿ ನಿಂತಿದ್ದವು. ಬುಡದ ಮಣ್ಣು ಒದ್ದೆಯಾಗಿತ್ತು. ಎರಡು ತಿಂಗಳು ಯಾರೋ ತಪ್ಪದೆ ನೀರು ಹಾಕಿದ್ದರು. ಮೂಲೆಯಲ್ಲಿ ‘ತೆರವು’ ಎಂಬ ಕೆಂಪು ಪಟ್ಟಿ ಕಟ್ಟಿದ ಗೂಟ.

ಇಪ್ಪತ್ನಾಲ್ಕು ತೆಯಿಕೊ ಅವರದು. ಹೆಣೆದಂತಿರುವ ಸಾಲುಗಳು. ಆದರೆ ನಡುವೆ ಬಾಣಲೆಯಷ್ಟಗಲ ಜಾಗದಲ್ಲಿ ಏನೂ ಬಿತ್ತಿರಲಿಲ್ಲ. ಅಲ್ಲಿ ಹುಲ್ಲು ಹೊದಿಸಲಾಗಿತ್ತು, ಯಾರೋ ಮಲಗಿರುವ ಹಾಗೆ.

“ಅಲ್ಲಿ ಪಿಯೋನಿ ಇತ್ತು,” ಎಂಬ ದನಿ ಕೇಳಿತು. ಇಪ್ಪತ್ತೆರಡರ ಉಬುಕಾತಾ, ನಿವೃತ್ತ ಮೇಷ್ಟ್ರು, ಕೈಯಲ್ಲಿ ಈರುಳ್ಳಿ ಸೊಪ್ಪಿನ ಕಟ್ಟು. “ಮನೆ ಮಾರಿ ಅಪಾರ್ಟ್‌ಮೆಂಟಿಗೆ ಬಂದಾಗ ಅಂಗಳದಿಂದ ತಂದ ಗಿಡ. ತಟ್ಟೆಯಷ್ಟಗಲ ಹೂವು. ಬಹುವರ್ಷದ ಗಿಡ ಇಲ್ಲಿ ನಿಷೇಧ, ಒಂಬತ್ತನೇ ನಿಯಮ. ಆದ್ರೆ ನಾವೆಲ್ಲ ಕುರುಡರಾಗಿದ್ವಿ. ಮೇ ತಿಂಗಳಲ್ಲಿ ಮಾತ್ರ ಕಣ್ಣು ಬರ್ತಿತ್ತು, ಚಹಾ ತಗೊಂಡು ನೋಡೋಕೆ ಬರ್ತಿದ್ವಿ.”

“ಈಗ?”

“ಫೆಬ್ರವರೀಲಿ ಯಾರೋ ಹೆಸರಿಲ್ಲದ ಚೀಟಿ ಹಾಕಿದ್ರು. ನಿರಾಸಾವಾಗೆ ಗೊತ್ತಲ್ಲ, ಕಾಗದ ಬಂದ್ರೆ ಆಯ್ತು. ಹೆಪ್ಪುಗಟ್ಟಿದ ಮಣ್ಣು, ಕೀಳುವಾಗ ಬೇರು ಮುರೀತು. ತೆಯಿಕೊ ಸಾನ್ ಒಂದು ಮಾತೂ ಆಡ್ಲಿಲ್ಲ. ಮುರಿದ ಬೇರನ್ನ ಪೇಪರಲ್ಲಿ ಸುತ್ಕೊಂಡು ಮನೆಗೆ ಹೋದ್ರು.” ಅವರು ಸೊಪ್ಪಿನ ಕಟ್ಟನ್ನು ಶಿಗೆನೊ ಕೈಗಿಟ್ಟರು. “ನೀವು ಪತ್ತೆಗೆ ಬಂದಿದ್ದೀರಂತೆ. ನನ್ನನ್ನೂ ಸ್ವಲ್ಪ ಅನುಮಾನಿಸಿ. ಬಿಟ್ಟುಬಿಟ್ರೆ ಬೇಜಾರಾಗುತ್ತೆ.”

“ನಿಮ್ಮ ಹೆಸರು ಎರಡನೇದು,” ಎಂದರು ಶಿಗೆನೊ.

“ಮೊದಲನೇದು ನಿರಾಸಾವಾ ತಾನೇ? ನೆರಳಾಗುತ್ತಾ ಅಂತ ಸಾಸಿವೆ ಎತ್ತರವನ್ನ ಪ್ರತಿ ವಾರ ಅಳೀತಾನೆ, ಆ ಮಾರಾಯ.”

ಶಿಗೆನೊ ನಕ್ಕು ಕೊಠಡಿಗೆ ಮರಳಿದರು. ಅವರಿಗೆ ಬೇಕಾದದ್ದು ಕಪಾಟಿನ ಕೆಳಗಿನ ಅರೆಯಲ್ಲಿತ್ತು. ತೋಟದ ಸುತ್ತೋಲೆಗಳ ಕಟ್ಟು ಅದು. ಗೊಬ್ಬರ ಬರುವ ದಿನ, ನಲ್ಲಿ ದುರಸ್ತಿ, ಕಳೆ ಕೀಳುವ ಸರದಿ, ಏನೇ ಇರಲಿ ಹಾಳೆಯೊಂದು ರಟ್ಟಿನ ಮೇಲೆ ಕೂತು ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ತಮ್ಮ ಸಂಖ್ಯೆಯ ಚೌಕದಲ್ಲಿ ಮೊಹರು ಒತ್ತಿ ಮುಂದಕ್ಕೆ ದಾಟಿಸುತ್ತಾರೆ.

ಅವರು ಒಂದೂವರೆ ವರ್ಷದ ಸುತ್ತೋಲೆಗಳನ್ನು ಮೇಜಿನ ಮೇಲೆ ಹರಡಿದರು.

ನಿರಾಸಾವಾ ಮೊಹರು ಗೋಡೆಗೆ ಗಾರೆ ಮೆತ್ತಿದಂತೆ ದಪ್ಪಗೆ, ನೇರ. ಉಬುಕಾತಾ ಅವರದು ಒಂದು ಸಲ ಬಲಕ್ಕೆ, ಒಂದು ಸಲ ತಲೆಕೆಳಗು. ಫುಮಿಯದು ಕಂಬ. ಉಳಿದವರದೂ ಅಷ್ಟೇ, ಮನಸ್ಸಿಗೆ ಬಂದ ಹಾಗೆ.

ಇಪ್ಪತ್ನಾಲ್ಕನೇ ಚೌಕ ಮಾತ್ರ ಬೇರೆಯಾಗಿತ್ತು. ಪ್ರತಿ ಹಾಳೆಯಲ್ಲೂ ಎಡಕ್ಕೆ, ಅಷ್ಟೇ ವಾಲು, ಅಷ್ಟೇ ನಯ. ಕೋಳಿ ಗೊಬ್ಬರದ ಸುತ್ತೋಲೆಗೂ ಆ ಮೊಹರು ತಲೆಬಾಗಿತ್ತು.

ಶಿಗೆನೊ ಕೂತಲ್ಲೇ ಕಣ್ಣು ಮುಚ್ಚಿದರು. ಠಾಣೆಗೆ ಸೇರಿದ ಮೊದಲ ವಾರ ಹಿರಿಯ ಗುಮಾಸ್ತರೊಬ್ಬರು ಅವರನ್ನು ಎಲ್ಲರೆದುರು ಬೈದಿದ್ದರು. ‘ಮೇಲಧಿಕಾರಿಯ ಮೊಹರು ಎಡಗಡೆ ಇರುತ್ತಮ್ಮ. ನಿನ್ನದು ಅದರ ಕಡೆ ಬಗ್ಗಿ ನಮಸ್ಕಾರ ಮಾಡಬೇಕು. ಇಷ್ಟು ನೆಟ್ಟಗೆ ಒತ್ತಿದ್ರೆ ಎದೆ ಸೆಟೆಸಿ ನಿಂತ ಹಾಗೆ.’ ಇದು ಕಚೇರಿಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬ್ಯಾಂಕುಗಳಲ್ಲಿ ಕಲಿಸುವ ಮರ್ಯಾದೆ. ಸ್ನಾನಗೃಹದವರಿಗೆ, ಗಾರೆಯವರಿಗೆ ಅದು ಗೊತ್ತೇ ಇರುವುದಿಲ್ಲ.

ಗಡಿಯಾರದಲ್ಲಿ ಹನ್ನೆರಡು ಗಂಟೆ. ಕಂಡುಹಿಡಿದದ್ದಕ್ಕೆ ಅವರಿಗೆ ಸಂತೋಷವಾಗಲಿಲ್ಲ. ಕಳೆದ ಚಳಿಗಾಲದಲ್ಲಿ ತಮ್ಮ ಮಂಡಿಗೆ ಶುಂಠಿ ಎಣ್ಣೆ ತಂದುಕೊಟ್ಟದ್ದೂ ತೆಯಿಕೊ ಅವರೇ.

*

“ಬನ್ನಿ ಬನ್ನಿ, ಶಿಗೆನೊ ಸಾನ್. ಮೆಟ್ಲು ಹತ್ತಿ ಬಂದ್ರಾ? ಲಿಫ್ಟ್ ಇದೆಯಲ್ಲ!”

ಶಿಗೆನೊ ಪತ್ರದ ನಕಲು ಮಾಡಿಸಿಕೊಂಡು ಬರುವಷ್ಟರಲ್ಲಿ ಮೂರು ಗಂಟೆಯಾಗಿತ್ತು. ತೆಯಿಕೊ ಅವರಿಗೆ ಎಪ್ಪತ್ನಾಲ್ಕು. ಮೂರನೇ ಮಹಡಿ, ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ, ಎರಡು ಕೋಣೆ. ಅವರು ಬೆಚ್ಚನೆಯ ಚಹಾ ಸುರಿದರು. ಮೂಲಂಗಿ ಉಪ್ಪಿನಕಾಯಿಯನ್ನು ಕಾಸಿನಗಲ ತೆಳ್ಳಗೆ ಹೆಚ್ಚಿ ಮುಂದಿಟ್ಟರು. ಅತಿಥಿಯ ಮಂಡಿ ನೋಡಿ ಕೆಳಗೆ ಕೂರಿಸದೆ ಕುರ್ಚಿ ಎಳೆದು ಕೊಟ್ಟರು.

“ಇವತ್ತು ತೋಟಕ್ಕೆ ಬರ್ಲಿಲ್ಲ ನೀವು.”

“ಬೆನ್ನು ಹಿಡ್ಕೊಂಡಿದೆ.”

“ಬ್ಯಾಂಕಿನಲ್ಲಿ ಎಷ್ಟು ವರ್ಷ ಇದ್ರಿ, ತೆಯಿಕೊ ಸಾನ್?”

“ಮೂವತ್ತೆಂಟು. ಯಾಕೆ?”

ಶಿಗೆನೊ ಚೀಲದಿಂದ ಸುತ್ತೋಲೆಯ ರಟ್ಟನ್ನು ತೆಗೆದರು. “ನಾಳೆ ಸಭೆಯ ಸುತ್ತೋಲೆ. ನಿಮ್ಮದೊಂದು ಮೊಹರು ಬಾಕಿ ಇತ್ತು.”

ತೆಯಿಕೊ ಒಳಗಿನಿಂದ ಮೊಹರು ತಂದರು. ಶಾಯಿಗೆ ಎರಡು ಸಲ ಹಗುರಾಗಿ ತಾಗಿಸಿ, ಇಪ್ಪತ್ನಾಲ್ಕನೇ ಚೌಕದಲ್ಲಿ ಒತ್ತಿದರು. ಬಲು ಚಂದದ ಗುರುತು. ಎಡಕ್ಕೆ ತಲೆಬಾಗಿದ ಗುರುತು.

ಶಿಗೆನೊ ಹಿಂತಿರುಗಿಸುವ ಪತ್ರದ ನಕಲನ್ನು ಅದರ ಪಕ್ಕದಲ್ಲಿಟ್ಟರು.

ತೆಯಿಕೊ ಒಂದನ್ನು ನೋಡಿದರು. ಇನ್ನೊಂದನ್ನು ನೋಡಿದರು. ಮೊಹರಿಗೆ ಮುಚ್ಚಳ ಹಾಕಲು ಹೋದರು. ಮುಚ್ಚಳ ಸರಿಯಾಗಿ ಕೂರಲಿಲ್ಲ.

“ನಾನು ನಿವೃತ್ತಳಾಗಿದ್ದೀನಿ ಅಂತ ಈ ಕೈಗೆ ಗೊತ್ತೇ ಆಗಿಲ್ಲ, ನೋಡಿ,” ಎಂದರು ಕೊನೆಗೆ.

“ನೀವೇನಾ?”

“ನಾನೇ. ಮಾರ್ಚ್ ಒಂದನೇ ತಾರೀಕು. ಅವಳ ಒಗೆದ ಬಟ್ಟೆ ಇಡೋಕೆ ಹೋದಾಗ.”

“ಎರಡು ತಿಂಗಳು ಅವರ ಗಿಡಕ್ಕೆ ನೀರು ಹಾಕಿದ್ದು?”

“ಅದೂ ನಾನೇ.” ತೆಯಿಕೊ ದನಿ ಒಣಗಿತ್ತು. “ಪತ್ರ ಹಾಕಿದ ಮೇಲೂ ಹಾಕ್ದೆ. ಗಿಡ ಏನು ಮಾಡಿತ್ತು ಪಾಪ. ಬಟ್ಟೆನೂ ಒಗೆದೆ. ಸಿಟ್ಟು ಬೇರೆ, ಬಟ್ಟೆ ಬೇರೆ.”

“ಯಾಕೆ, ತೆಯಿಕೊ ಸಾನ್?”

“ಮೊದಲು ಮೋಸ ಮಾಡಿದ್ದು ಅವಳು!”

ಚಹಾದ ಬಟ್ಟಲು ಅಲುಗಿತು. ತೆಯಿಕೊ ಎದ್ದು ಹೋಗಿ ಕಪಾಟಿನ ಮೇಲಿನ ಡಬ್ಬಿಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತಂದು ಮೇಜಿನ ಮೇಲೆ ಎಸೆದರು. ಮಡಿಕೆಗಳು ಸವೆದು ಹರಿಯುವಂತಾಗಿದ್ದವು. ಎಷ್ಟು ಸಲ ಬಿಚ್ಚಿ ಓದಿರಬೇಕು!

‘ದೂರು. ಇಪ್ಪತ್ನಾಲ್ಕನೇ ತಾಕಿನಲ್ಲಿ ಪಿಯೋನಿ ಗಿಡವಿದೆ. ಒಂಬತ್ತನೇ ನಿಯಮದಂತೆ ತೆಗೆಸಬೇಕು. ನನ್ನ ಹೆಸರನ್ನು ದಯವಿಟ್ಟು ಹೇಳಬೇಡಿ. ಆಕೆ ನನ್ನ ಸ್ನೇಹಿತೆ. ಡಿಸೆಂಬರ್ ಇಪ್ಪತ್ತೆಂಟು.’ ಇದೂ ಕಂಪ್ಯೂಟರಿನ ಅಕ್ಷರ, ಕೆಳಗೆ ‘ಕೊಮಾಕಿ’ ಎಂಬ ಮೊಹರು.

“ಸ್ನೇಹಿತೆಯಂತೆ!” ಎಂದರು ತೆಯಿಕೊ. “ಗಿಡ ಕಿತ್ತ ವಾರ ಇದು ನನ್ನ ಡಬ್ಬೀಲಿತ್ತು. ಯಾರೋ ಪುಣ್ಯಾತ್ಮರು ತಂದು ಹಾಕಿದ್ರು. ತಾರೀಕು ನೋಡಿ. ಇಪ್ಪತ್ತೆಂಟಕ್ಕೆ ಇದನ್ನ ಬರೆದು, ಹೊಸ ವರ್ಷದ ದಿನ ಇದೇ ಕುರ್ಚೀಲಿ ಕೂತು ನನ್ನ ಕೈಯಾರೆ ಮಾಡಿದ ಅಕ್ಕಿ ಮುದ್ದೆ ಹಾಕಿದ ಮೋಚಿ ಸಾರು ಎರಡು ಬಟ್ಟಲು ಕುಡಿದ್ಳು. ‘ಈ ಮೇ ತಿಂಗಳು ಎಷ್ಟು ಹೂ ಬಿಡುತ್ತೋ ತೆಯಿಕೊ’ ಅಂದ್ಳು, ಶಿಗೆನೊ ಸಾನ್. ಅಂದ್ಳು!”

“ಅವರನ್ನೇ ಕೇಳಬಹುದಿತ್ತು.”

“ಹೇಗೆ ಕೇಳ್ಲಿ? ಇಲ್ಲ ಅಂದ್ರೆ ಸ್ನೇಹಿತೆಯನ್ನ ಅನುಮಾನಿಸಿದವಳು ನಾನು. ಹೌದು ಅಂದ್ರೆ ಮುಂದಿನ ಮಂಗಳವಾರ ಬಟ್ಟೆ ಹೇಗೆ ತಗೊಂಡು ಹೋಗ್ಲಿ?” ಅವರು ಮುಖ ತಿರುಗಿಸಿಕೊಂಡರು. “ನನ್ನ ಮನೆ ಅಂಗಳದಲ್ಲಿ ಉಳಿದಿದ್ದದ್ದು ಅದೊಂದೇ. ಅವಳಿಗೆ ಗೊತ್ತಿತ್ತು. ಅದಕ್ಕೇ ಅಂದ್ಕೊಂಡೆ, ನಿನಗೂ ಗೊತ್ತಾಗ್ಲಿ, ಮಣ್ಣು ಕೈಬಿಟ್ಟು ಹೋದ್ರೆ ಹೇಗಿರುತ್ತೆ ಅಂತ.”

ಶಿಗೆನೊ ಆ ದೂರಿನ ಅಂಚಿನುದ್ದಕ್ಕೂ ಬೆರಳಾಡಿಸಿದರು. ಆಮೇಲೆ ಕಾಗದವನ್ನು ತೆಯಿಕೊ ಕಡೆಗೆ ತಿರುಗಿಸಿದರು.

“ಬ್ಯಾಂಕಿನ ಕಣ್ಣಲ್ಲಿ ನೋಡಿ. ಬರೆದದ್ದನ್ನಲ್ಲ, ಕಾಗದವನ್ನ.”

“ಏನಿದೆ?”

“ಮೂರು ಚೌಕ.”

“ನಿರಾಸಾವಾನ ನಮೂನೆ. ಎಲ್ಲದರಲ್ಲೂ ಇದೆ.”

“ಫೆಬ್ರವರಿಯಿಂದ ಇದೆ. ಇವತ್ತು ಬೆಳಿಗ್ಗೆ ಅವರೇ ಹೇಳಿದ್ರು. ಅದಕ್ಕೆ ಮುಂಚೆ ಎಲ್ರೂ ಬಿಳಿ ಹಾಳೇಲಿ ಬರೀತಿದ್ರಂತೆ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಈ ಕಾಗದ ಹುಟ್ಟೇ ಇರ್ಲಿಲ್ಲ.”

ತೆಯಿಕೊ ಕಾಗದವನ್ನು ಎತ್ತಿಕೊಂಡರು.

“ಫೆಬ್ರವರೀಲಿ ಫುಮಿ ಸಾನ್ ಕಾಲಿಗೆ ಭಾರ ಕಟ್ಕೊಂಡು ಹಾಸಿಗೇಲಿದ್ರು,” ಎಂದರು ಶಿಗೆನೊ. “ನಿರಾಸಾವಾಗೆ ಬಂದದ್ದು ಹೆಸರಿಲ್ಲದ ಚೀಟಿ. ಈ ಕಾಗದ ಅವರ ಹತ್ರ ಹೋಗ್ಲೇ ಇಲ್ಲ. ಇದನ್ನ ಬರೆದದ್ದು ನಿಮಗೋಸ್ಕರ, ನಿಮ್ಮೊಬ್ಬರಿಗೋಸ್ಕರ. ಚಪ್ಪಲಿ ಗೂಡಿನ ಮೇಲಿನ ಮೊಹರು ನಿಮ್ಮ ಕೈಗೆ ಸಿಕ್ಕ ಹಾಗೇ ಇನ್ನೊಬ್ಬರ ಕೈಗೂ ಸಿಕ್ಕಿದೆ.”

ತೆಯಿಕೊ ಕೂತರು. ಮುಖದಿಂದ ಸಿಟ್ಟು ಇಳಿದುಹೋಗಿತ್ತು, ಅದರ ಜಾಗಕ್ಕೆ ಇನ್ನೂ ಏನೂ ಬಂದಿರಲಿಲ್ಲ.

“ಮೂವತ್ತೆಂಟು ವರ್ಷ,” ಎಂದರು ನಿಧಾನವಾಗಿ. “ಮೂವತ್ತೆಂಟು ವರ್ಷ ಕಾಗದ ನೋಡಿ, ಸುಳ್ಳು ಸಹಿ ಹಿಡಿದು, ಬಹುಮಾನ ತಗೊಂಡೋಳು ನಾನು. ಇದೊಂದು ನೋಡ್ಲಿಲ್ಲ.”

“ನೋವಾಗಿತ್ತು ನಿಮಗೆ.”

“ನೋಡೋಕೆ ಇಷ್ಟ ಇರ್ಲಿಲ್ಲ ಅನ್ಸುತ್ತೆ. ಸಿಟ್ಟಾಗೋಕೆ ಒಬ್ಬರು ಸಿಕ್ಕಿದ್ರಲ್ಲ.” ಅವರು ಎದ್ದು ಮೇಲಂಗಿ ತೆಗೆದುಕೊಂಡರು. “ಗಂಟೆ ಎಷ್ಟು? ಮೂರೂವರೆಯಾ? ನಿರಾಸಾವಾ ಮನೇಲಿರ್ತಾನೆ.”

“ಹದಿನಾಲ್ಕನೇ ನಿಯಮ ಗೊತ್ತಲ್ಲ? ನಿಮ್ಮ ತಾಕು ಹೋಗುತ್ತೆ. ಸಭೇಲಿ ಹೆಸರು ಓದ್ತಾರೆ.”

“ಓದ್ಲಿ ಬಿಡಿ. ದನಿ ಸಣ್ಣಗಾದ್ರೆ ನಾನೇ ಎದ್ದು ಜೋರಾಗಿ ಓದ್ತೀನಿ.” ಒಂದು ತೋಳು ತೂರಿಸಿ ನಿಂತರು. “ಶಿಗೆನೊ ಸಾನ್, ಒಂದೇ ಒಂದು ಬೇಡ್ಕೋತೀನಿ. ಫುಮಿಗೆ ನಾನೇ ಹೇಳ್ತೀನಿ. ಬೇರೆಯವರ ಬಾಯಲ್ಲಿ ಅವಳು ಇದನ್ನ ಕೇಳಬಾರ್ದು.”

“ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ.”

ಆಗ ಫೋನು ಗಣಗಣಿಸಿತು.

ಅಡುಗೆಮನೆ ಬಾಗಿಲ ಪಕ್ಕದ ಹಳೆಯ ಫೋನು. ತೆಯಿಕೊ ಒಂದೇ ತೋಳಿನ ಮೇಲಂಗಿಯಲ್ಲಿ ಹೋಗಿ ಎತ್ತಿಕೊಂಡರು. “ಹಲೋ... ಫುಮಿ ಸಾನ್!” ಎನ್ನುವಾಗ ಅವರ ಬೆನ್ನು ತಾನಾಗಿ ಬಾಗಿತು. “ನಾನೇ ಬರೋಳಿದ್ದೆ. ನಾನು ನಿಮಗೊಂದು...”

ಅಲ್ಲಿಗೆ ಮಾತು ನಿಂತಿತು.

ಶಿಗೆನೊಗೆ ಕೇಳಿಸುತ್ತಿದ್ದದ್ದು ತೆಯಿಕೊ ಅವರ ‘ಹೂಂ’ ಮಾತ್ರ. ಮೊದಲ ‘ಹೂಂ’ಗೆ ಅವರು ಗೋಡೆ ಹಿಡಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. “ಬೇಡ, ಫುಮಿ ಸಾನ್, ವಾಪಸ್ ತಗೊಳ್ಳಿ, ಈಗ್ಲೇ ಹೋಗಿ,” ಎಂದರು ಒಮ್ಮೆ. ಆ ಕಡೆಯಿಂದ ಬಂದ ಉತ್ತರ ಚಿಕ್ಕದಾಗಿತ್ತು. ಫೋನು ಇಟ್ಟ ಸದ್ದು ಇಲ್ಲಿಗೂ ಕೇಳಿಸಿತು.

ತೆಯಿಕೊ ರಿಸೀವರನ್ನು ಎದೆಗೆ ಹಿಡಿದುಕೊಂಡೇ ತಿರುಗಿದರು.

“ಫುಮಿ ನಿರಾಸಾವಾ ಮನೆಗೆ ಹೋಗಿ ಬಂದ್ಳಂತೆ. ಹೊಸ ಪತ್ರ ಕೊಟ್ಟಳಂತೆ. ಸ್ವಂತ ಕೈಯಲ್ಲಿ ಬರೆದು, ಅವನೆದುರಿಗೇ ಮೊಹರು ಒತ್ತಿ. ‘ಹಳೇ ಪತ್ರನೂ ನಾನೇ ಕೊಟ್ಟಿದ್ದು, ವಯಸ್ಸಾಯ್ತು, ಮರೆತಿದ್ದೆ’ ಅಂದಳಂತೆ. ಖುದ್ದಾಗಿ ಕೊಟ್ಟ ಪತ್ರ ವಾಪಸ್ ಬರೋದಿಲ್ಲ. ಬೆಳಿಗ್ಗೆ ಎಂಟಕ್ಕೆ ಗಿಡ ಕೀಳ್ತಾರೆ.”

“ಯಾಕೆ ಹಾಗೆ ಮಾಡಿದ್ರು?”

“ನನ್ನ ಹೆಸರು ಸಭೇಲಿ ಬರಬಾರ್ದು ಅಂತ. ‘ತೆಯಿಕೊ, ನೀನು ಯಾಕೆ ಮಾಡಿದೆ ಅಂತ ನಾನು ಕೇಳೋದಿಲ್ಲ, ನೀನೂ ಹೇಳ್ಬೇಡ, ಇನ್ನು ಮಂಗಳವಾರ ಬರೋದೂ ಬೇಡ’ ಅಂದ್ಳು.”

ಶಿಗೆನೊ ಕುರ್ಚಿಯಿಂದ ಎದ್ದರು. ಮಂಡಿನೋವು ಅವರಿಗೆ ನೆನಪಿರಲಿಲ್ಲ. “ನೀವು ಅಂತ ಅವರಿಗೆ ಗೊತ್ತಾದದ್ದು ಹೇಗೆ? ನನಗೇ ಗೊತ್ತಾದದ್ದು ಮಧ್ಯಾಹ್ನ ಹನ್ನೆರಡಕ್ಕೆ!”

“ಬೆಳಿಗ್ಗೆ ತೋಟದಿಂದ ಮನೆಗೆ ಹೋದಾಗಲೇ ಡಬ್ಬೀಲಿ ಕಾಗದ ಇತ್ತಂತೆ. ನಾನೇ ಒತ್ತಿದ್ದು ಅಂತ ಎಲ್ಲ ಬರೆದಿತ್ತಂತೆ.”

“ಯಾರು ಬರೆದದ್ದು?”

ತೆಯಿಕೊ ಅವರನ್ನೇ ನೋಡುತ್ತಿದ್ದರು. ಕುರ್ಚಿ ಎಳೆದುಕೊಟ್ಟ, ಉಪ್ಪಿನಕಾಯಿ ತೆಳ್ಳಗೆ ಹೆಚ್ಚಿಕೊಟ್ಟ ಹೆಂಗಸು ಆ ಮುಖದಲ್ಲಿ ಈಗ ಇರಲಿಲ್ಲ. ಗಾಜಿನ ಕಿಟಕಿಯ ಹಿಂದೆ ಮೂವತ್ತೆಂಟು ವರ್ಷ ಕೂತು ಸುಳ್ಳು ಸಹಿ ಹಿಡಿದ ಹೆಂಗಸು ಅಲ್ಲಿದ್ದರು.

“ಮೊದಲು ಅವಳಿಗೆ ಬರೆದು ಹಾಕಿ, ಆಮೇಲೆ ಇಲ್ಲಿ ಬಂದು ನನ್ನ ಚಹಾ ಕುಡಿದು, ಯಾರಿಗೂ ಹೇಳಿಲ್ಲ ಅಂದ್ರಲ್ಲ, ಶಿಗೆನೊ ಸಾನ್,” ಎಂದರು ತೆಯಿಕೊ. “ಕೆಳಗೆ ನಿಮ್ಮ ಮೊಹರಿದೆಯಂತೆ.”